ಆ್ಯಪ್, ಟಚ್‌ಸ್ಕ್ರೀನ್, ಮುಟ್ಟುವ ಮಾದರಿ: ಮ್ಯೂಸಿಯಂಗೆ ಯಾವ ಡಿಜಿಟಲ್ ಗೈಡ್ ಮಾಡಿಸಬೇಕು?

ಮ್ಯೂಸಿಯಂ ನಡೆಸುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹೊಸ ಡಿಜಿಟಲ್ ಗೈಡ್ ಬೇಕು. ಕಣ್ಣು ಕಾಣದವರಿಗೂ, ಕಿವಿ ಕೇಳದವರಿಗೂ, ವೀಲ್‌ಚೇರ್‌ನಲ್ಲಿ ಬರುವವರಿಗೂ ಆಗಬೇಕು. ದುಡ್ಡು ಇಷ್ಟೇ ಇದೆ. ಕೈಯಲ್ಲಿ ಮೂರು ನಾಲ್ಕು ಕೊಟೇಶನ್ ಇವೆ: ಒಬ್ಬರದು ಆ್ಯಪ್, ಒಬ್ಬರದು ದೊಡ್ಡ ಟಚ್‌ಸ್ಕ್ರೀನ್, ಇನ್ನೊಬ್ಬರದು ತಲೆಗೆ ಹಾಕಿಕೊಳ್ಳುವ ಕನ್ನಡಕ. ಎಲ್ಲದರಲ್ಲೂ 'ಎಲ್ಲರಿಗೂ ಅನುಕೂಲ' ಅಂತ ಬರೆದಿರುತ್ತದೆ. ಯಾವುದನ್ನು ಆರಿಸುವುದು?

ಈ ತಲೆನೋವು ಹೊಸದಲ್ಲ. 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡಲಿಕ್ ಮ್ಯೂಸಿಯಂ ಆಡಿಯೋ ಗೈಡ್ ಶುರು ಮಾಡಿತು. ಶಾರ್ಟ್‌ವೇವ್ ರೇಡಿಯೋದಲ್ಲಿ ಧ್ವನಿ ಪ್ರಸಾರ ಮಾಡುತ್ತಿದ್ದರು. ಕಿವಿಗೆ ಯಂತ್ರ ಹಾಕಿಕೊಂಡವರೆಲ್ಲ ಅದನ್ನು ಒಟ್ಟಿಗೇ ಕೇಳುತ್ತಿದ್ದರು. ಹಾಗಾಗಿ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಚಿತ್ರದ ಕಡೆ ತಿರುಗುತ್ತಿದ್ದರು. ನಿಧಾನ ನಡೆಯುವವರ ಗತಿ ಏನಾಗಿರಬೇಕು, ನೀವೇ ಊಹಿಸಿ. ಯಂತ್ರಗಳು ಆಮೇಲೆ ತುಂಬಾ ಬದಲಾದವು. 'ಎಲ್ಲರೂ ಒಂದೇ ಥರ ಬಳಸುತ್ತಾರೆ' ಅನ್ನುವ ನಂಬಿಕೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಕೊಟೇಶನ್ ಬಿಚ್ಚುವ ಮೊದಲು

ನಾನು ನೋಡುವ ಮೊದಲ ವಿಷಯ ಇದು: ಬಂದವರು ಇದನ್ನು ಯಾರ ಸಹಾಯವೂ ಇಲ್ಲದೆ ಶುರು ಮಾಡಬಹುದಾ? ಒಳಗಿನ ವಿಷಯ ಎಷ್ಟೇ ಚೆನ್ನಾಗಿರಲಿ, ಕಣ್ಣು ಕಾಣದವರಿಗೆ ಆ ಬಟನ್ ಎಲ್ಲಿದೆ ಅಂತಲೇ ಗೊತ್ತಾಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹುಡುಕುವುದು, ತಲುಪುವುದು, ಆನ್ ಮಾಡುವುದು. ಗೈಡ್‌ಗಳು ಸೋಲುವುದು ಬಹಳ ಸಲ ಈ ಮೂರು ಹೆಜ್ಜೆಗಳಲ್ಲೇ.

ಎರಡನೆಯದು, ಒಂದೇ ವಿಷಯ ಕನಿಷ್ಠ ಎರಡು ದಾರಿಯಲ್ಲಿ ಸಿಗುತ್ತದಾ ಅನ್ನುವುದು. ಜರ್ಮನಿಯ ಕಟ್ಟಡ ವಿನ್ಯಾಸದಲ್ಲಿ 'ಎರಡು ಇಂದ್ರಿಯಗಳ ನಿಯಮ' ಅಂತ ಒಂದಿದೆ. ನೋಡುವುದು, ಕೇಳುವುದು, ಮುಟ್ಟುವುದು, ಈ ಮೂರರಲ್ಲಿ ಎರಡರಿಂದಾದರೂ ಮಾಹಿತಿ ತಲುಪಬೇಕು. ಒಂದು ದಾರಿ ಮುಚ್ಚಿದ್ದರೂ ಇನ್ನೊಂದು ತೆರೆದಿರುತ್ತದೆ. ಇಲ್ಲಿ ಒಂದು ಮಾತು ಸೇರಿಸಬೇಕು. ಎರಡೂ ದಾರಿಯಲ್ಲಿ ಸಿಗುವ ವಿಷಯ ಸಮಾನವಾಗಿರಬೇಕು. ನೋಡುವವರಿಗೆ ಐದು ಪ್ಯಾರಾ, ಕೇಳುವವರಿಗೆ ಎರಡು ಸಾಲು ಅಂದರೆ ಅದು ಅನುಕೂಲ ಅಲ್ಲ, ಉಳಿದದ್ದು ಬಡಿಸಿದ ಹಾಗೆ.

ಮೂರನೆಯದು, ಬಂದವರು ತಮ್ಮ ಅಭ್ಯಾಸವನ್ನು ತಮ್ಮ ಜೊತೆ ತರಬಹುದಾ? ಅಕ್ಷರದ ಗಾತ್ರ, ಧ್ವನಿಯ ವೇಗ, ಬಣ್ಣ, ಹಿಯರಿಂಗ್ ಏಡ್‌ನ ಜೋಡಣೆ, ಇವೆಲ್ಲ ಒಬ್ಬೊಬ್ಬರದು ಒಂದೊಂದು ಥರ. ನಾಲ್ಕನೆಯದು, ಐದು ವರ್ಷದ ನಂತರ ಇದರ ಗತಿ ಏನು? ವೆಬ್ ಪುಟಗಳಲ್ಲಿ ಅನಿಮೇಶನ್ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ ಕಂಪನಿ ಕೊಡುತ್ತಿದ್ದ ಬೆಂಬಲ 2020ರ ಕೊನೆಗೆ ನಿಂತಿತು. ಕೈ ಬೀಸಿದರೆ ಗುರುತಿಸುವ ಮೈಕ್ರೋಸಾಫ್ಟ್ ಕಿನೆಕ್ಟ್ 2010ರಲ್ಲಿ ಬಂತು, 2017ರಲ್ಲಿ ತಯಾರಿಕೆ ನಿಂತಿತು. ಇವನ್ನೇ ನಂಬಿ ಕಟ್ಟಿದ್ದ ಪ್ರದರ್ಶನಗಳನ್ನು ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

ಕೊನೆಯದು, ಗ್ಯಾಲರಿಯೊಳಗಿನ ವಾಸ್ತವ. ಗದ್ದಲ, ಮಂದ ಬೆಳಕು, ಪಕ್ಕದಲ್ಲಿ ಮಗು, ಒಂದು ಕೈಯಲ್ಲಿ ಊರುಗೋಲು. ಮ್ಯೂಸಿಯಂಗೆ ಜನ ಸಾಮಾನ್ಯವಾಗಿ ಜೊತೆಗಾರರೊಂದಿಗೆ ಬರುತ್ತಾರೆ. ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಸಿದರೆ ಮಾತುಕತೆಯೇ ನಿಂತುಹೋಗುತ್ತದೆ.

ಈ ಐದನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದನ್ನೇ ನೋಡೋಣ.

ಬಂದವರ ಫೋನಿನಲ್ಲೇ ತೆರೆಯುವ ವೆಬ್ ಪುಟ

ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಕಾರಣ ಸರಳ. 2009ರಲ್ಲೇ ಐಫೋನ್‌ಗೆ ವಾಯ್ಸ್‌ಓವರ್ ಬಂತು, ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂತು. ಎರಡೂ ಪರದೆಯ ಮೇಲಿರುವುದನ್ನು ಓದಿ ಹೇಳುತ್ತವೆ. ಕಣ್ಣು ಕಾಣದ ಎಷ್ಟೋ ಜನ ಅದನ್ನು ತಮಗೆ ಬೇಕಾದ ವೇಗಕ್ಕೆ ಹೊಂದಿಸಿಕೊಂಡು ದಿನವೂ ಬಳಸುತ್ತಿದ್ದಾರೆ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಹಿಯರಿಂಗ್ ಏಡ್ ಇರುವವರು ಅದನ್ನು ಬ್ಲೂಟೂತ್‌ನಲ್ಲಿ ಜೋಡಿಸಿಕೊಂಡಿರುತ್ತಾರೆ. ನೀವು ದುಡ್ಡು ಕೊಟ್ಟು ಮಾಡಿಸಬೇಕಿದ್ದ ಅರ್ಧ ಕೆಲಸ ಅವರ ಜೇಬಿನಲ್ಲೇ ಇದೆ. ನಿಮ್ಮ ಪುಟ ಅದಕ್ಕೆ ಅಡ್ಡ ಬರದಿದ್ದರೆ ಆಯಿತು.

ಅಡ್ಡ ಬರದಿರಲು ಏನು ಮಾಡಬೇಕು ಅನ್ನುವುದಕ್ಕೆ ಡಬ್ಲ್ಯೂಸಿಎಜಿ ಅನ್ನುವ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದರ 2.2 ಆವೃತ್ತಿ 2023ರಲ್ಲಿ ಬಂತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕು. ತಾನಾಗಿಯೇ ಶುರುವಾಗಿ 3 ಸೆಕೆಂಡ್‌ಗಿಂತ ಜಾಸ್ತಿ ಓಡುವ ಧ್ವನಿಯನ್ನು ನಿಲ್ಲಿಸಲು ದಾರಿ ಇರಬೇಕು. ಇಂಥವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಆ ನಿಯಮಾವಳಿಯ ಮೂರು ಮಟ್ಟಗಳಲ್ಲಿ ನಡುವಿನದಾದ 'ಎಎ ಮಟ್ಟ' ಅಂತ ಹೆಸರು ಹೇಳಿ ಕೇಳಿ.

ಈಗ ತೊಂದರೆಗಳು. ಮೊದಲ ಅಳತೆಯಲ್ಲೇ ಇದು ಎಡವುತ್ತದೆ. ಪುಟ ತೆರೆಯಲು ಸಾಮಾನ್ಯವಾಗಿ ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಾರ್ಖಾನೆಯಲ್ಲಿ ಅದು ಎಲ್ಲಿದೆ ಅಂತ ಕೆಲಸಗಾರನಿಗೆ ಗೊತ್ತಿರುತ್ತದೆ. ಗೋಡೆಯ ಮೇಲೆ ಅಂಟಿಸಿದ ನುಣ್ಣನೆಯ ಸ್ಟಿಕರ್ ಕಣ್ಣು ಕಾಣದವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಪ್ರತಿ ಕೋಡ್‌ನ ಸುತ್ತ ಕೈಗೆ ಸಿಗುವ ಉಬ್ಬು ಚೌಕಟ್ಟು ಇರಲಿ. ಎಲ್ಲ ಕಡೆ ಒಂದೇ ಎತ್ತರ, ವಸ್ತುವಿನ ಒಂದೇ ಬದಿ. ಪಕ್ಕದಲ್ಲಿ, ಫೋನ್ ಹತ್ತಿರ ತಂದರೆ ಪುಟ ತೆರೆಯುವ ಎನ್‌ಎಫ್‌ಸಿ ಚಿಪ್ ಅಂಟಿಸಿ. ಅದು ಕೆಲಸ ಮಾಡುವುದು ಕೆಲವೇ ಸೆಂಟಿಮೀಟರ್ ಹತ್ತಿರದಿಂದ. ಆದರೆ ಬೆರಳಿಗೆ ಉಬ್ಬು ಸಿಕ್ಕರೆ ಫೋನನ್ನು ಅಲ್ಲಿಗೇ ತಾಗಿಸಬಹುದು, ಕ್ಯಾಮೆರಾ ಗುರಿ ಹಿಡಿಯುವ ಕಷ್ಟ ಇಲ್ಲ. ಜೊತೆಗೆ ಟೈಪ್ ಮಾಡಲು ಒಂದು ಚಿಕ್ಕ ನಂಬರ್ ಕೊಡಿ. ಕೋಡ್‌ನ ಗಾತ್ರಕ್ಕೂ ಒಂದು ಅಂದಾಜು ಲೆಕ್ಕ ಇದೆ. ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಬೇಕು. ವೀಲ್‌ಚೇರ್‌ನವರು ಸ್ವಲ್ಪ ದೂರದಿಂದಲೇ ಹಿಡಿಯುತ್ತಾರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆನಡಾದ ವಿನ್ನಿಪೆಗ್‌ನಲ್ಲಿ 2014ರಲ್ಲಿ ತೆರೆದ ಮಾನವ ಹಕ್ಕುಗಳ ಮ್ಯೂಸಿಯಂ ಈ ಹುಡುಕಾಟವನ್ನೇ ಮೊದಲು ಬಗೆಹರಿಸಲು ಹೊರಟಿತು. ಅಲ್ಲಿ ನೆಲದಲ್ಲೇ ಕಾಲಿಗೋ ಕೋಲಿಗೋ ಸಿಗುವ ಗುರುತು ಇದೆ. ಅದು ಸಿಕ್ಕರೆ ಇಲ್ಲೇನೋ ಇದೆ ಅಂತ ಅರ್ಥ. ಹತ್ತಿರದಲ್ಲೇ ಉಬ್ಬು ನಂಬರ್ ಇರುತ್ತದೆ. ಇದರಲ್ಲಿ ಹೈಟೆಕ್ ಅನ್ನುವಂಥದ್ದೇನೂ ಇಲ್ಲ. ಆದರೆ ಇದಿಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ.

ಇನ್ನು ನೆಟ್‌ವರ್ಕ್. ದಪ್ಪ ಕಲ್ಲಿನ ಗೋಡೆಯ ಹಳೇ ಕಟ್ಟಡದೊಳಗೆ ಸಿಗ್ನಲ್ ಸಿಗದಿರುವುದು ಮಾಮೂಲಿ. ಪಾಸ್‌ವರ್ಡ್ ಕೇಳದ ವೈಫೈ ಇಲ್ಲದಿದ್ದರೆ ಈ ಆಯ್ಕೆ ಅರ್ಧ ಸತ್ತ ಹಾಗೆ. ಫೋನ್ ಇಲ್ಲದವರು, ಬ್ಯಾಟರಿ ಮುಗಿದವರು ಕೂಡ ಬರುತ್ತಾರೆ. ಅವರಿಗೆ ಸಾಲ ಕೊಡಲು ಕೌಂಟರ್‌ನಲ್ಲಿ ನಾಲ್ಕೈದು ಫೋನ್ ಇಟ್ಟರೆ ಸಾಕು.

ಸ್ವಂತ ಆ್ಯಪ್

ಆ್ಯಪ್ ಬೇಕು ಅನ್ನುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ವೆಬ್ ಪುಟದಲ್ಲಿ ಆಗದ್ದು ಏನು ಬೇಕು? ಸರಿಯಾದ ಉತ್ತರಗಳು ಎರಡೇ. ನೆಟ್ ಇಲ್ಲದೆಯೂ ಎಲ್ಲ ಸಿಗಬೇಕು ಅನ್ನುವುದು ಒಂದು. ನಡೆಯುತ್ತಾ ಹೋದ ಹಾಗೆ ತಾನೇ ಗುರುತಿಸಿ ಹೇಳಬೇಕು ಅನ್ನುವುದು ಇನ್ನೊಂದು.

ಎರಡನೆಯದು ಕೇಳಲು ಚೆಂದ. ಬ್ಲೂಟೂತ್ ಬೀಕನ್ ಅಂತ ಸಣ್ಣ ಪೆಟ್ಟಿಗೆಗಳನ್ನು ಗೋಡೆಗೆ ಅಂಟಿಸುತ್ತಾರೆ, ಫೋನ್ ಅದರ ಸಿಗ್ನಲ್ ಹಿಡಿಯುತ್ತದೆ. ಆಪಲ್ ಇದಕ್ಕೆ 2013ರಲ್ಲಿ ಐಬೀಕನ್ ತಂದಿತು. ಆದರೆ ನಿಖರತೆ ಕೆಲವು ಮೀಟರ್‌ಗಳಷ್ಟೇ. ಮನುಷ್ಯರ ಮೈಯಲ್ಲಿ ನೀರೇ ಜಾಸ್ತಿ, ನೀರು ಈ ಸಿಗ್ನಲ್ ಹೀರಿಕೊಳ್ಳುತ್ತದೆ. ಅಂದರೆ ಜನ ತುಂಬಿದಾಗಲೇ ಲೆಕ್ಕ ತಪ್ಪುತ್ತದೆ. 'ನೀವು ಈಗ ಈ ಕೋಣೆಯಲ್ಲಿದ್ದೀರಿ' ಅನ್ನಲು ಸಾಕು. 'ನಿಮ್ಮ ಎದುರಿಗಿರುವುದು ಈ ವಿಗ್ರಹ' ಅನ್ನಲು ಸಾಲದು. ಕಣ್ಣು ಕಾಣದವರಿಗೆ ತಪ್ಪು ವಿಗ್ರಹದ ಕಥೆ ಹೇಳುವುದಕ್ಕಿಂತ ಸುಮ್ಮನಿರುವುದೇ ವಾಸಿ, ಅಲ್ವಾ? ಮತ್ತೆ ಆ ಪೆಟ್ಟಿಗೆಗಳ ಬ್ಯಾಟರಿ ಬದಲಿಸುವ ಕೆಲಸ ಯಾರದು ಅಂತಲೂ ಮೊದಲೇ ಬರೆದಿಡಿ.

ಚೆನ್ನಾಗಿ ಮಾಡಿದವರೂ ಇದ್ದಾರೆ. ಪಿಟ್ಸ್‌ಬರ್ಗ್‌ನ ಆ್ಯಂಡಿ ವಾರ್ಹೋಲ್ ಮ್ಯೂಸಿಯಂ 2016ರಲ್ಲಿ 'ಔಟ್ ಲೌಡ್' ಅನ್ನುವ ಗೈಡ್ ತಂದಿತು. ಒಂದೊಂದು ಕೃತಿಗೂ ಉದ್ದ ಭಾಷಣ ಇಟ್ಟಿರಲಿಲ್ಲ. ಸಣ್ಣ ಸಣ್ಣ ತುಣುಕುಗಳಿದ್ದವು, ಬೇಕಾದ್ದನ್ನು ಆರಿಸಿ ಕೇಳಬಹುದಿತ್ತು. ಮುಟ್ಟಿ ನೋಡುವ ಪ್ರತಿಗಳೂ ಜೊತೆಗಿದ್ದವು. ಇದನ್ನು ಓದಿ ಆ್ಯಪ್ ಮಾಡಿಸಲು ಹೊರಡಬೇಡಿ, ತುಣುಕು ಮಾಡುವ ಉಪಾಯವನ್ನು ಎತ್ತಿಕೊಳ್ಳಿ. ಅದು ವೆಬ್ ಪುಟಕ್ಕೂ ಹೊಂದುತ್ತದೆ.

ಎರಡು ಗಂಟೆಯ ಭೇಟಿಗೆ ಯಾರೂ ಖುಷಿಯಿಂದ ಆ್ಯಪ್ ಇಳಿಸಿಕೊಳ್ಳುವುದಿಲ್ಲ. ಮೇಲಾಗಿ ಐಫೋನ್‌ಗೊಂದು, ಆಂಡ್ರಾಯ್ಡ್‌ಗೊಂದು. ಸಿಸ್ಟಮ್ ಅಪ್‌ಡೇಟ್ ಆದಾಗಲೆಲ್ಲ ರಿಪೇರಿ. ಮಾಡಿಸುವ ಖರ್ಚಿಗಿಂತ ಸಾಕುವ ಖರ್ಚು ಜಾಸ್ತಿ. ಪದೇ ಪದೇ ಬರುವ ಸದಸ್ಯರು ಇರುವ ದೊಡ್ಡ ಮ್ಯೂಸಿಯಂಗೆ ಸರಿ, ಉಳಿದವರಿಗೆ ನನ್ನ ಮಟ್ಟಿಗೆ ಬೇಡ.

ಬಾಡಿಗೆಗೆ ಕೊಡುವ ಆಡಿಯೋ ಗೈಡ್ ಯಂತ್ರ

ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ. ಬೆರಳಿಗೆ ಸಿಗುವ ನಿಜವಾದ ಬಟನ್ ಇರುತ್ತದೆ, ನೆಟ್ ಬೇಡ, ಫೋನಿನ ಗೊಡವೆ ಬೇಡ. ವಯಸ್ಸಾದವರಿಗೆ ಇದೇ ಹಿತ. ಕುತ್ತಿಗೆಗೆ ಹಾಕುವ ಲೂಪ್ ಇದ್ದರೆ, ಟೆಲಿಕಾಯಿಲ್ (ಲೂಪ್‌ನ ಸಿಗ್ನಲ್ ಹಿಡಿಯುವ ಸಣ್ಣ ಸುರುಳಿ) ಇರುವ ಹಿಯರಿಂಗ್ ಏಡ್‌ಗೆ ಧ್ವನಿ ನೇರವಾಗಿ ಹೋಗುತ್ತದೆ, ಗದ್ದಲ ಸೇರುವುದಿಲ್ಲ. ಖರೀದಿಸುವಾಗ ಈ ಲೂಪ್ ಕೇಳಲು ಮರೆಯಬೇಡಿ. ಕಿವಿ ಪೂರ್ತಿ ಕೇಳದವರಿಗೆ ಅಕ್ಷರದ ಪ್ರತಿಯೂ ಇರಬೇಕು. ಇಲ್ಲದಿದ್ದರೆ ಎರಡನೇ ಅಳತೆಯಲ್ಲಿ ಇದು ಫೇಲ್.

ಖರ್ಚು ಎಲ್ಲಿ ಬರುತ್ತದೆ ಅಂದರೆ ಚಾರ್ಜ್ ಮಾಡಲು, ಒರೆಸಲು, ಲೆಕ್ಕ ಇಡಲು, ಕೌಂಟರ್‌ನಲ್ಲಿ ಕೂರಲು. ಅಷ್ಟು ಜನ ಇದ್ದಾರಾ ಅಂತ ನೋಡಿಕೊಳ್ಳಿ.

ಟಚ್‌ಸ್ಕ್ರೀನ್ ಕಿಯೋಸ್ಕ್

ಎಲ್ಲರಿಗೂ ಇಷ್ಟವಾಗುವುದು ಇದು. ಉದ್ಘಾಟನೆಯ ಫೋಟೋದಲ್ಲೂ ಚೆನ್ನಾಗಿ ಬರುತ್ತದೆ. ಆದರೆ ಎಲ್ಲ ಆಯ್ಕೆಗಳಲ್ಲಿ ತಪ್ಪು ಮಾಡುವುದು ಇಲ್ಲೇ ಅತಿ ಸುಲಭ.

ಗಾಜು ನುಣ್ಣಗಿರುತ್ತದೆ. ಬೆರಳಿಗೆ ಏನೂ ತಿಳಿಯುವುದಿಲ್ಲ. ಫೋನ್ ಕೂಡ ಗಾಜೇ, ಆದರೆ ಫೋನಿನಲ್ಲಿ ಓದಿ ಹೇಳುವ ವ್ಯವಸ್ಥೆ ಒಳಗೇ ಇದೆ. ಕಿಯೋಸ್ಕ್‌ನಲ್ಲಿ ಬಂದವರು ತಮ್ಮದನ್ನು ಹಾಕಿಕೊಳ್ಳಲು ಆಗುವುದಿಲ್ಲ, ನೀವೇ ಹಾಕಿಕೊಟ್ಟಿರಬೇಕು. ವಿನ್ನಿಪೆಗ್‌ನವರು ಇದಕ್ಕೂ ಉತ್ತರ ಕಂಡುಕೊಂಡರು. ಪರದೆಯ ಕೆಳಗೆ ಉಬ್ಬು ಬಟನ್‌ಗಳ ಸಣ್ಣ ಕೀಪ್ಯಾಡ್, ಜೊತೆಗೆ ಹೆಡ್‌ಫೋನ್ ಜ್ಯಾಕ್. ಒಂದು ಕಡೆ ಕಲಿತರೆ ಎಲ್ಲ ಕಡೆ ಬಳಸಬಹುದು. ನೀವು ಕಿಯೋಸ್ಕ್ ಆರಿಸಿದರೆ ಇಂಥ ಕೀಪ್ಯಾಡ್ ಇಲ್ಲದ್ದನ್ನು ಒಪ್ಪಿಕೊಳ್ಳಬೇಡಿ.

ಒಂದು ಸಲ ಒಂದು ಗ್ಯಾಲರಿಯಲ್ಲಿ ಹೆಡ್‌ಫೋನ್ ಜ್ಯಾಕ್ ಇರುವ ಕಿಯೋಸ್ಕ್ ಕಂಡು ಖುಷಿಪಟ್ಟೆ. ಹತ್ತಿರ ಹೋಗಿ ನೋಡಿದರೆ ಜ್ಯಾಕ್‌ನ ತೂತಿನೊಳಗೆ ಚೂಯಿಂಗ್ ಗಮ್. ಅದು ಎಷ್ಟು ದಿನದಿಂದ ಇತ್ತೋ ಅಲ್ಲಿದ್ದವರಿಗೂ ಗೊತ್ತಿರಲಿಲ್ಲ. ಈಗಂತೂ ತಂತಿಯ ಹೆಡ್‌ಫೋನ್ ತರುವವರೇ ಕಡಿಮೆ. ಅದಕ್ಕೇ ಜ್ಯಾಕ್‌ನ ಪಕ್ಕದಲ್ಲಿ, ಹಳೇ ಟೆಲಿಫೋನ್ ರಿಸೀವರ್ ಥರ ಒಂದೇ ಕಿವಿಗೆ ಹಿಡಿಯುವ ಹ್ಯಾಂಡ್‌ಸೆಟ್ ಕೂಡ ಇರಲಿ. ಇನ್ನೊಂದು ಕಿವಿ ಜೊತೆಗಾರರಿಗೆ ಖಾಲಿ ಇರುತ್ತದೆ.

ಎತ್ತರದ ವಿಷಯದಲ್ಲಿ ಅಮೆರಿಕದ ಎಡಿಎ (ಅಂಗವಿಕಲರ ಹಕ್ಕಿನ ಕಾನೂನು) ಮಾನದಂಡ ಒಳ್ಳೆಯ ಆಧಾರ. ಅಡ್ಡಿ ಇಲ್ಲದ ಕಡೆ ಕೈಗೆ ಸಿಗಬೇಕಾದ್ದೆಲ್ಲ ನೆಲದಿಂದ 380ರಿಂದ 1220 ಮಿಲಿಮೀಟರ್ ಒಳಗೆ ಇರಬೇಕು. ಮೇಜಿನ ಥರದ ಪರದೆಯಾದರೆ ಮೊಣಕಾಲು ಒಳಗೆ ಹೋಗಲು ಸುಮಾರು 685 ಮಿಲಿಮೀಟರ್ ಎತ್ತರದ ಜಾಗ ಬೇಕು. ದೊಡ್ಡ ಪರದೆಯಲ್ಲಿ ಮೆನು ಯಾವಾಗಲೂ ಕೆಳಗಿರಲಿ. 'ಹಿಂದಕ್ಕೆ' ಬಟನ್ ಮೇಲಿನ ಮೂಲೆಯಲ್ಲಿದ್ದರೆ ಕುಳಿತವರು ಒಳಗೆ ಸಿಕ್ಕಿಹಾಕಿಕೊಂಡ ಹಾಗೇ.

ಕೃತಕ ಕೈ ಇರುವವರ ಬೆರಳನ್ನು ಫೋನಿನ ಥರದ ಕೆಪ್ಯಾಸಿಟಿವ್ ಗಾಜು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಇನ್‌ಫ್ರಾರೆಡ್ ಚೌಕಟ್ಟಿನ ಪರದೆ ಏನು ತಾಗಿದರೂ ಗುರುತಿಸುತ್ತದೆ. ಆದರೆ ತೋಳು, ಅಂಗಿಯ ತುದಿ ತಾಗಿದರೂ ಒತ್ತಿದ ಹಾಗಾಗುತ್ತದೆ. ಕೀಪ್ಯಾಡ್ ಇದ್ದರೆ ಈ ಜಗಳವೇ ಇಲ್ಲ. ಮತ್ತೊಂದು: ಯಾರೂ ಮುಟ್ಟದಿದ್ದರೆ 30 ಸೆಕೆಂಡ್‌ನಲ್ಲಿ ಮೊದಲ ಪುಟಕ್ಕೆ ಹೋಗುವ ಹಾಗೆ ಇಡುವ ಅಭ್ಯಾಸ ಇದೆ. ನಿಧಾನವಾಗಿ ಓದುವವರಿಗೆ ಇದು ಕಿರುಕುಳ. 'ಇನ್ನೂ ಇದ್ದೀರಾ?' ಅಂತ ಪರದೆಯಲ್ಲೂ ಧ್ವನಿಯಲ್ಲೂ ಕೇಳಿ, ಆಮೇಲೆ ಹೋಗಲಿ.

ಮುಟ್ಟಿದರೆ ಮಾತಾಡುವ ಮಾದರಿ

ನನಗೆ ತುಂಬಾ ಇಷ್ಟವಾದ ಆಯ್ಕೆ ಇದು, ಅದನ್ನು ಮುಚ್ಚಿಡುವುದಿಲ್ಲ. 2015ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ಆರು ಚಿತ್ರಗಳ ಉಬ್ಬು ಪ್ರತಿ ಮಾಡಿಸಿ ಮುಟ್ಟಲು ಬಿಟ್ಟಿತು. ಬರೀ ಆರು! ಸಾವಿರಾರು ಚಿತ್ರ ಇರುವ ಜಾಗ ಅದು. ಆದರೂ ಆ ಆರು ಸುದ್ದಿಯಾದವು.

ಇಲ್ಲಿ ತಿಳಿದಿರಬೇಕಾದ್ದು ಕೈ ಹೇಗೆ 'ನೋಡುತ್ತದೆ' ಅನ್ನುವುದು. ಕಣ್ಣು ಮೊದಲು ಇಡೀ ಚಿತ್ರ ನೋಡಿ ಆಮೇಲೆ ವಿವರಕ್ಕೆ ಇಳಿಯುತ್ತದೆ. ಕೈ ತದ್ವಿರುದ್ಧ, ತುಂಡು ತುಂಡಾಗಿ ಸೇರಿಸಿ ಇಡಿಯನ್ನು ಕಟ್ಟುತ್ತದೆ. ಸುಮ್ನೆ ಉಬ್ಬು ಚಿತ್ರ ಕೊಟ್ಟರೆ ಬೆರಳು ದಾರಿ ತಪ್ಪುತ್ತದೆ. ಧ್ವನಿ ಕೈ ಹಿಡಿದು ನಡೆಸಬೇಕು. 'ಮೇಲಿನ ಎಡ ಮೂಲೆಯಿಂದ ಶುರು ಮಾಡಿ, ಕೆಳಗೆ ಬನ್ನಿ, ಈಗ ಸಿಕ್ಕಿದ್ದು ಕುದುರೆಯ ಕಿವಿ' ಹೀಗೆ. ಮೂಲದಲ್ಲಿರುವ ಎಲ್ಲ ಗೆರೆಯನ್ನೂ ಉಬ್ಬಿಸಬೇಡಿ. ಕಡಿಮೆ ಗೆರೆ ಇದ್ದಷ್ಟೂ ಬೆರಳಿಗೆ ಸ್ಪಷ್ಟ.

ಮಾದರಿಯೊಳಗೆ ಸೆನ್ಸರ್ ಇಟ್ಟು ಮುಟ್ಟಿದ ಭಾಗದ ಹೆಸರು ಹೇಳಿಸಬಹುದು. ಆದರೆ ಬೆರಳು ತಾಗಿದಲ್ಲೆಲ್ಲ ಮಾತು ಶುರುವಾದರೆ ಗಲಾಟೆ. ಅನ್ವೇಷಿಸುವ ಮುಟ್ಟುವಿಕೆ ಬೇರೆ, ಕೇಳುವ ಮುಟ್ಟುವಿಕೆ ಬೇರೆ. ಎರಡು ಸಲ ತಟ್ಟಿದರೆ ಅಥವಾ ಪಕ್ಕದ ಬಟನ್ ಒತ್ತಿದರೆ ಮಾತ್ರ ಮಾತಾಡುವ ಹಾಗೆ ಮಾಡಿಸಿ. ಸೆನ್ಸರ್‌ಗೆ ದುಡ್ಡಿಲ್ಲವಾ? ಬಿಡಿ. ಸಾದಾ ಮಾದರಿ, ಪಕ್ಕದಲ್ಲಿ ಎನ್‌ಎಫ್‌ಸಿ, ಫೋನಿನಲ್ಲಿ ಧ್ವನಿ. ಮುಕ್ಕಾಲು ಭಾಗ ಕೆಲಸ ಆಯಿತು.

ಬ್ರೈಲ್ ಹಾಕಿ, ಆದರೆ ಬ್ರೈಲ್ ಮಾತ್ರ ಹಾಕಿ ಕೈತೊಳೆದುಕೊಳ್ಳಬೇಡಿ. ದೊಡ್ಡವರಾದ ಮೇಲೆ ದೃಷ್ಟಿ ಹೋದ ಎಷ್ಟೋ ಜನರಿಗೆ ಬ್ರೈಲ್ ಬರುವುದಿಲ್ಲ. ಮಾದರಿ ಸವೆಯುತ್ತದೆ, ಕೊಳೆಯಾಗುತ್ತದೆ, ಆಗಾಗ ತೊಳೆಯಬೇಕು. ಒಂದನ್ನು ಮುಟ್ಟಿ ಮುಗಿಸಲು ಹತ್ತು ನಿಮಿಷ ಬೇಕಾದೀತು, ಹಾಗಾಗಿ ಪಕ್ಕದಲ್ಲಿ ಕುರ್ಚಿ ಇಡಿ. ಕಣ್ಣು ಕಾಣುವ ಮಕ್ಕಳೂ ಇಲ್ಲೇ ಮುತ್ತಿಕೊಳ್ಳುತ್ತಾರೆ. ಅದು ಒಳ್ಳೆಯದೇ.

ಮಾತಿನ ಆಜ್ಞೆ, ಕೈಬೀಸು, ವಿಆರ್ ಕನ್ನಡಕ, ಎಐ

ಇವನ್ನು ಮುಖ್ಯ ಗೈಡ್ ಆಗಿ ತೆಗೆದುಕೊಳ್ಳಬೇಡಿ. ಗದ್ದಲದಲ್ಲಿ ಯಂತ್ರಕ್ಕೆ ಮಾತು ಸರಿಯಾಗಿ ಕೇಳುವುದಿಲ್ಲ, ಮಾತು ತೊದಲುವವರಿಗೆ ಇನ್ನೂ ಕಷ್ಟ. ಕೈಬೀಸಲು ಕೈ ಎತ್ತಲು ಬರಬೇಕು. ಕನ್ನಡಕ ಹಾಕಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಇನ್ನೊಂದು ದಾರಿ ಇದ್ದ ಮೇಲೆ ಸೊಗಸಿಗೆ ಇರಲಿ. ಎಐ ಚಿತ್ರ ನೋಡಿ ವಿವರಣೆ ಬರೆಯುತ್ತದೆ ನಿಜ, ಆದರೆ ತಪ್ಪನ್ನೂ ಅಷ್ಟೇ ಧೈರ್ಯದಿಂದ ಬರೆಯುತ್ತದೆ. ಕರಡು ಮಾಡಿಸಿ, ವಿಷಯ ಗೊತ್ತಿರುವವರು ತಿದ್ದಲಿ.

ಯಾವುದನ್ನು ಆರಿಸಿದರೂ ತಪ್ಪದ ಖರ್ಚು

ದುಡ್ಡಿನ ದೊಡ್ಡ ಪಾಲು ಯಂತ್ರಕ್ಕಲ್ಲ, ವಿಷಯಕ್ಕೆ ಹೋಗಲಿ. ಒಳ್ಳೆಯ ವಿವರಣೆ, ಸರಳ ಭಾಷೆಯ ಪಠ್ಯ, ಕ್ಯಾಪ್ಷನ್, ಸಂಜ್ಞಾ ಭಾಷೆಯ ವಿಡಿಯೋ. ಯಂತ್ರ ಹೋದರೂ ಇವು ಉಳಿಯುತ್ತವೆ. ನ್ಯೂಯಾರ್ಕ್‌ನ ಕೂಪರ್ ಹೆವಿಟ್ ಮ್ಯೂಸಿಯಂ ಚಿತ್ರಗಳನ್ನು ಮಾತಿನಲ್ಲಿ ಹೇಗೆ ವಿವರಿಸಬೇಕು ಅಂತ ತನ್ನ ನಿಯಮಗಳನ್ನೇ ಪ್ರಕಟಿಸಿದೆ. ಬರೆಯಲು ಕೂರುವವರಿಗೆ ಅದು ಒಳ್ಳೆಯ ಶುರು.

ಕ್ಯಾಪ್ಷನ್ ಇದೆಯಲ್ಲ, ಸಂಜ್ಞಾ ಭಾಷೆ ಯಾಕೆ ಅಂತ ಕೇಳುತ್ತಾರೆ. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ, ಬರಹದ ಭಾಷೆ ಎರಡನೆಯದು. ವಿಶ್ವಸಂಸ್ಥೆ ಹೇಳುವ ಪ್ರಕಾರ ಜಗತ್ತಿನಲ್ಲಿ 300ಕ್ಕೂ ಜಾಸ್ತಿ ಸಂಜ್ಞಾ ಭಾಷೆಗಳಿವೆ. ಬ್ರಿಟನ್, ಅಮೆರಿಕ ಎರಡರಲ್ಲೂ ಇಂಗ್ಲಿಷ್, ಆದರೆ ಸಂಜ್ಞಾ ಭಾಷೆ ಪೂರ್ತಿ ಬೇರೆ. ನಿಮ್ಮಲ್ಲಿಗೆ ಬರುವವರು ಯಾವುದನ್ನು ಬಳಸುತ್ತಾರೆ ಅಂತ ಕೇಳಿಯೇ ವಿಡಿಯೋ ಮಾಡಿಸಿ.

ಹಾಗಾದರೆ ನಿಮಗೆ ಯಾವುದು?

ಇಬ್ಬರು ಮೂವರು ಸಿಬ್ಬಂದಿಯ ಚಿಕ್ಕ ಮ್ಯೂಸಿಯಂ ಆದರೆ: ವೆಬ್ ಪುಟ, ಉಬ್ಬು ಗುರುತು, ಎನ್‌ಎಫ್‌ಸಿ, ಸಾಲಕ್ಕೆ ನಾಲ್ಕು ಫೋನ್, ಮುಟ್ಟಲು ಒಂದೇ ಒಂದು ಒಳ್ಳೆಯ ಮಾದರಿ. ನೂರು ವಸ್ತುವಿಗೂ ಅರ್ಧಂಬರ್ಧ ಬರೆಯುವ ಬದಲು ಹದಿನೈದಕ್ಕೆ ಪೂರ್ತಿ ಬರೆಯಿರಿ.

ಸ್ವಲ್ಪ ದೊಡ್ಡದಾದರೆ ಮಾದರಿಗಳನ್ನು ಐದಾರಕ್ಕೆ ಏರಿಸಿ, ಆಮೇಲೆ ಕಿಯೋಸ್ಕ್ ಯೋಚಿಸಿ. ಅದೂ ಬಂದವರು ಏನನ್ನಾದರೂ ಒಟ್ಟಿಗೆ ಮಾಡಿ ನೋಡಬೇಕಾದ ಕಡೆ ಮಾತ್ರ. ಬರೀ ಓದಿಸಲು ಕಿಯೋಸ್ಕ್ ದಂಡ. ದೊಡ್ಡ ಸಂಸ್ಥೆಯಾದರೆ ಎಲ್ಲ ಕಿಯೋಸ್ಕ್‌ಗೂ ಒಂದೇ ಕೀಪ್ಯಾಡ್ ಅನ್ನುವ ನಿಯಮವನ್ನು ಮೊದಲೇ ಮಾಡಿ. ಬೇರೆ ಬೇರೆ ಕಂಪನಿ ಬೇರೆ ಬೇರೆ ಥರ ಕೊಟ್ಟರೆ ಆಮೇಲೆ ಸರಿಪಡಿಸಲು ಆಗುವುದಿಲ್ಲ. ಮೂರು ತಿಂಗಳ ತಾತ್ಕಾಲಿಕ ಪ್ರದರ್ಶನಕ್ಕೆ ವೆಬ್ ಪುಟ ಸಾಕು. ಗೋಡೆಗೆ ಮೊಳೆ ಹೊಡೆಯಲೂ ಬಿಡದ, ಸಿಗ್ನಲ್ಲೂ ಸಿಗದ ಪಾರಂಪರಿಕ ಕಟ್ಟಡಕ್ಕೆ ಆಡಿಯೋ ಗೈಡ್ ಯಂತ್ರವೇ ಗೆಲ್ಲುತ್ತದೆ, ಜೊತೆಗೆ ದೊಡ್ಡ ಅಕ್ಷರದ ಕಾಗದ.

ಸಹಿ ಹಾಕುವ ಮೊದಲು ಪ್ರತಿ ಕಂಪನಿಯಿಂದ ಒಂದು ವಸ್ತುವಿಗೆ ಮಾತ್ರ ಮಾಡಿಸಿದ ಮಾದರಿ ಕೇಳಿ. ಪರದೆಗೆ ಬಟ್ಟೆ ಮುಚ್ಚಿ ಬಳಸಿ ತೋರಿಸಲು ಹೇಳಿ. ಆಮೇಲೆ ಧ್ವನಿ ಬಂದ್ ಮಾಡಿ ಇನ್ನೊಮ್ಮೆ. ನಂತರ ಕಣ್ಣು ಕಾಣದವರು, ಕಿವಿ ಕೇಳದವರು, ವೀಲ್‌ಚೇರ್ ಬಳಸುವವರು, ಒಬ್ಬೊಬ್ಬರನ್ನಾದರೂ ಕರೆಸಿ, ಅವರ ಸಮಯಕ್ಕೆ ದುಡ್ಡು ಕೊಡಿ. ಬಾಗಿಲಿನಿಂದ ಆ ವಸ್ತುವಿನ ವಿವರಣೆ ಮುಗಿಯುವವರೆಗೆ ಅವರು ಎಷ್ಟು ಸಲ ಬೇರೆಯವರ ಸಹಾಯ ಕೇಳಬೇಕಾಯಿತು ಅಂತ ಎಣಿಸಿ. ಆ ಸಂಖ್ಯೆಯನ್ನು ಕೊಟೇಶನ್‌ನ ಮೇಲೆ, ಬೆಲೆಯ ಪಕ್ಕದಲ್ಲೇ ಬರೆದಿಡಿ.